ಓಟಗಾರನ ಎರಡು ಕಾಲುಗಳು

ಕೆಲವು ತಿಂಗಳುಗಳ ಹಿಂದೆ ನಮ್ಮ ಕಾಲೇಜಿನ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು, “ಸಾರ್, ಒಂದು ವಿಷಯ ಕೇಳಬೇಕಾಗಿತ್ತು” ಎಂದನು. ಈತನು ದೂರದ ಓಟದಲ್ಲಿ ಕಾಲೇಜಿಗೆ ಹೆಸರು ತಂದವನು. ನಿತ್ಯವೂ ಬೆಳಗಿನ ಜಾವದಲ್ಲಿ ಊರ ಹೊರಗಿನ ಕೆರೆಯ ಏರಿಯ ಮೇಲೆ ಹತ್ತು ಕಿಲೋಮೀಟರು ಓಡಿ, ಅನಂತರ ತರಗತಿಗೆ ಬರುವವನು. ಆದರೆ ಅಂದಿಗೆ ಹತ್ತು ದಿನಗಳಿಂದ ಅವನು ಓಡಿರಲಿಲ್ಲ. ಗೆಳೆಯನೊಬ್ಬನಿಂದ ಎರವಲು ತಂದ, ಎದೆಗೆ ಕಟ್ಟುವ ಪಟ್ಟಿಯೊಡನೆ ಕೆಲಸ ಮಾಡುವ ಕೈಗಡಿಯಾರವು ಅವನ ಪಾದಗಳು ನೆಲವನ್ನು ಮುಟ್ಟಿರುವ ಕಾಲವನ್ನು ಎಡಕ್ಕೆ 50.8, ಬಲಕ್ಕೆ 49.2 ಎಂದು ಹಂಚಿ ತೋರಿಸಿತ್ತು. ಆಟದ ಪಾದರಕ್ಷೆಗಳನ್ನು ಮಾರುವವರೊಬ್ಬರು ಇದನ್ನು ನೋಡಿ, ಕಾಲುಗಳು ಸಮವಾಗಿಲ್ಲವೆಂದೂ, ಹೀಗೆಯೇ ಓಡಿದರೆ ಮಂಡಿ ಕೆಡುವುದೆಂದೂ, ಹಲವು ಸಾವಿರ ರೂಪಾಯಿ ಬೆಲೆಯ ವಿಶೇಷ ಒಳ ಅಟ್ಟೆಗಳನ್ನು ಹಾಕಿಕೊಳ್ಳಬೇಕೆಂದೂ ಹೇಳಿದ್ದರು. ಅಂತರ ಕಾಲೇಜು ಓಟಕ್ಕೆ ಐದು ವಾರಗಳಷ್ಟೇ ಉಳಿದಿದ್ದವು. ಅಷ್ಟು ಹಣವನ್ನು ತಂದೆಯವರಲ್ಲಿ ಕೇಳುವ ಧೈರ್ಯವು ಹುಡುಗನಿಗಿರಲಿಲ್ಲ. “ನನ್ನ ಕಾಲಿನಲ್ಲಿ ದೋಷವಿದೆಯೇ ಸಾರ್? ಓಡುವುದನ್ನು ಬಿಟ್ಟುಬಿಡಬೇಕೇ?” ಎಂಬುದು ಅವನ ಪ್ರಶ್ನೆ.

ನಾವು ವೈದ್ಯರಲ್ಲ, ಭೌತವಿಜ್ಞಾನವನ್ನು ಬೋಧಿಸುವವರು. ಆದರೂ ಈ ಪ್ರಶ್ನೆಯಲ್ಲಿ ವೈದ್ಯಕ್ಕೆ ಮೊದಲು ಬರುವ ಭಾಗವೊಂದುಂಟು. ಎರಡು ಅಳತೆಗಳ ನಡುವೆ ವ್ಯತ್ಯಾಸ ಕಂಡಾಗ ಅದಕ್ಕೆ ಅರ್ಥವೇನು, ಅದು ಎಷ್ಟು ದೊಡ್ಡದು, ಅದನ್ನು ನಂಬಬಹುದೇ ಎಂಬವು ಅಳತೆಯ ಶಾಸ್ತ್ರಕ್ಕೆ ಸೇರಿದ ವಿಚಾರಗಳು. ಆ ವಿದ್ಯಾರ್ಥಿಯೊಡನೆ ನಾವು ಮಾಡಿದ ವಿಚಾರವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಹೊರಗಿನ ಸಮತೆ, ಒಳಗಿನ ವಿಷಮತೆ

ಮನುಷ್ಯನ ದೇಹವನ್ನು ಹಣೆಯ ನಡುವಿನಿಂದ ಕೆಳಕ್ಕೆ ಒಂದು ಗೆರೆಯೆಳೆದು ಎರಡಾಗಿ ವಿಭಜಿಸಿದರೆ, ಒಂದು ಭಾಗವು ಇನ್ನೊಂದರ ಕನ್ನಡಿಯ ಬಿಂಬದಂತೆ ತೋರುತ್ತದೆ. ಇಂತಹ ಹೊಂದಾಣಿಕೆಯನ್ನು ಸಮ್ಮಿತಿಯೆಂದೂ, ಅದು ತಪ್ಪಿರುವುದನ್ನು ಅಸಮ್ಮಿತಿಯೆಂದೂ ಕರೆಯುತ್ತಾರೆ. ಆದರೆ ಈ ಸಮ್ಮಿತಿಯು ಬಹುಮಟ್ಟಿಗೆ ಹೊರನೋಟದ್ದು. ಹೃದಯವು ಎಡಕ್ಕೆ ವಾಲಿದೆ. ಒಂದೂವರೆ ಕಿಲೋಗ್ರಾಂನಷ್ಟು ತೂಗುವ ಯಕೃತ್ತು ಬಲಗಡೆಯಲ್ಲಿದೆ. ನಾವು ಬರೆಯುವುದು ಒಂದು ಕೈಯಲ್ಲಿ. ಚೆಂಡನ್ನು ಒದೆಯುವುದು ಒಂದು ಕಾಲಿನಲ್ಲಿ, ಆಗ ದೇಹವನ್ನು ಹೊತ್ತು ನಿಲ್ಲುವುದು ಇನ್ನೊಂದು ಕಾಲು.

ಕಾಲುಗಳ ಉದ್ದವೂ ಇದಕ್ಕೆ ಹೊರತಲ್ಲ. ಕ್ಷಕಿರಣದ ಚಿತ್ರಗಳಿಂದ ಕಾಲಿನ ಉದ್ದವನ್ನು ನಿಖರವಾಗಿ ಅಳೆದ ಅನೇಕ ಸಂಶೋಧನೆಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ನೂರಕ್ಕೆ ತೊಂಬತ್ತು ಜನರಲ್ಲಿ ಎರಡು ಕಾಲುಗಳ ಉದ್ದದಲ್ಲಿ ಸ್ವಲ್ಪವಾದರೂ ವ್ಯತ್ಯಾಸವಿರುತ್ತದೆ; ಅದರ ಸರಾಸರಿ ಸುಮಾರು 5 ಮಿಲಿಮೀಟರು. ಎಂದಮೇಲೆ, ಸರಿಸಮವಾದ ಎರಡು ಕಾಲುಗಳುಳ್ಳವನೇ ಅಪರೂಪದ ಮನುಷ್ಯನು. ತೊಂಬತ್ತು ಸೆಂಟಿಮೀಟರು ಉದ್ದದ ಕಾಲಿನಲ್ಲಿ ಐದು ಮಿಲಿಮೀಟರೆಂದರೆ ನೂರಕ್ಕೆ ಅರ್ಧದಷ್ಟು ಮಾತ್ರ. ಎರಡು ಸೆಂಟಿಮೀಟರಿಗಿಂತ ಕಡಮೆಯಿರುವ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮಾತೇ ಏಳುವುದಿಲ್ಲ.

ಒಂದು ಹೆಜ್ಜೆಯ ಲೆಕ್ಕ

ಇನ್ನು ಓಟಕ್ಕೆ ಬರೋಣ. ನಡಿಗೆಯಲ್ಲಿ ಯಾವಾಗಲೂ ಒಂದು ಪಾದವಾದರೂ ನೆಲದ ಮೇಲಿರುತ್ತದೆ. ಓಟದಲ್ಲಿ ಹಾಗಲ್ಲ, ಒಂದು ಪಾದವು ನೆಲವನ್ನು ಬಿಟ್ಟು ಇನ್ನೊಂದು ಪಾದವು ನೆಲವನ್ನು ಸೇರುವುದರೊಳಗೆ ದೇಹವು ಕ್ಷಣಕಾಲ ಗಾಳಿಯಲ್ಲಿ ತೇಲುತ್ತದೆ. ಗಾಳಿಯಲ್ಲಿರುವಾಗ ಅದನ್ನು ಮೇಲಕ್ಕೆತ್ತುವವರಾರೂ ಇಲ್ಲ. ಗುರುತ್ವವು ಮಾತ್ರ ಬಿಡದೆ ಕೆಳಕ್ಕೆಳೆಯುತ್ತಿರುತ್ತದೆ. ಆ ನಷ್ಟವನ್ನೆಲ್ಲ ಪಾದವು ನೆಲದ ಮೇಲಿರುವ ಅಲ್ಪಕಾಲದಲ್ಲಿಯೇ ತುಂಬಿಕೊಡಬೇಕು.

60 ಕಿಲೋಗ್ರಾಂ ತೂಕದ ಓಟಗಾರನೊಬ್ಬನನ್ನು ತೆಗೆದುಕೊಳ್ಳೋಣ. ಅವನ ಮೇಲೆ ಗುರುತ್ವದ ಸೆಳೆತವು 588 ನ್ಯೂಟನ್. ಒಂದೊಂದು ಹೆಜ್ಜೆಗೆ 0.36 ಸೆಕೆಂಡು, ಅದರಲ್ಲಿ ಪಾದವು ನೆಲದ ಮೇಲಿರುವುದು 0.24 ಸೆಕೆಂಡು, ಗಾಳಿಯಲ್ಲಿ ತೇಲುವುದು 0.12 ಸೆಕೆಂಡು ಎಂದಿಟ್ಟುಕೊಳ್ಳೋಣ. ದೂರದ ಓಟದಲ್ಲಿ ಇವು ಸಾಮಾನ್ಯವಾಗಿ ಕಂಡುಬರುವ ಪ್ರಮಾಣಗಳೇ. ಓಟಗಾರನು ಹೆಜ್ಜೆಹೆಜ್ಜೆಗೂ ಮೇಲೇರುತ್ತಲೂ ಹೋಗುವುದಿಲ್ಲ, ಭೂಮಿಯೊಳಕ್ಕೆ ಇಳಿಯುತ್ತಲೂ ಹೋಗುವುದಿಲ್ಲ. ಆದುದರಿಂದ ಹೆಜ್ಜೆಯ ಅವಧಿಯಲ್ಲಿ ಗುರುತ್ವವು ಕೆಳಮುಖವಾಗಿ ಕೊಟ್ಟ ಆವೇಗವನ್ನು, ಎಂದರೆ ಬಲ ಮತ್ತು ಕಾಲಗಳ ಗುಣಲಬ್ಧವನ್ನು, ನೆಲವು ಮೇಲ್ಮುಖವಾಗಿ ಹಿಂದಿರುಗಿಸಲೇಬೇಕು. 0.36 ಸೆಕೆಂಡಿನ ಸಾಲವನ್ನು 0.24 ಸೆಕೆಂಡಿನಲ್ಲಿ ತೀರಿಸಬೇಕಾದುದರಿಂದ, ನೆಲದ ಮೇಲಿರುವಾಗ ಪಾದದ ಮೇಲಿನ ಸರಾಸರಿ ಬಲವು ದೇಹದ ತೂಕದ ಒಂದೂವರೆಯಷ್ಟು, ಅರ್ಥಾತ್ 882 ನ್ಯೂಟನ್ ಆಗುತ್ತದೆ. ಈ ಬಲವು ಸೊನ್ನೆಯಿಂದ ಏರಿ ಮತ್ತೆ ಸೊನ್ನೆಗೆ ಇಳಿಯುವ ಅಲೆಯಂತಿರುವುದರಿಂದ, ಅದರ ಶಿಖರವು ಸರಾಸರಿಗಿಂತ ಇನ್ನೂ ಒಂದೂವರೆ ಪಟ್ಟಿಗೂ ಹೆಚ್ಚು. ಲೆಕ್ಕ ಹಾಕಿದರೆ ಸುಮಾರು 1,385 ನ್ಯೂಟನ್; ಎಂದರೆ 140 ಕಿಲೋಗ್ರಾಂ ತೂಕವನ್ನು ಒಂಟಿ ಕಾಲಿನಲ್ಲಿ ಹೊತ್ತಂತೆ! ಬಲವನ್ನು ಅಳೆಯುವ ಫಲಕಗಳ ಮೇಲೆ ಓಟಗಾರರನ್ನು ಓಡಿಸಿ ನೋಡಿದಾಗಲೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಎಂಬ ಉತ್ತರವೇ ದೊರೆಯುತ್ತದೆ.

42.195 ಕಿಲೋಮೀಟರಿನ ಮ್ಯಾರಥಾನ್ ಓಟದಲ್ಲಿ ಹೆಜ್ಜೆಗೆ 1.2 ಮೀಟರಿನಂತೆ ಸುಮಾರು 35,000 ಹೆಜ್ಜೆಗಳು ಬೀಳುತ್ತವೆ. ಪ್ರತಿಯೊಂದು ಪಾದವೂ ಈ ಭಾರವನ್ನು ಹದಿನೇಳೂವರೆ ಸಾವಿರ ಸಲ ಹೊರಬೇಕು. ಎರಡು ಕಾಲುಗಳ ನಡುವಣ ಸಣ್ಣ ವ್ಯತ್ಯಾಸವೂ ಇಷ್ಟು ಸಲ ಮರುಕಳಿಸಿದರೆ ದೊಡ್ಡದಾಗದೇ ಎಂಬ ಶಂಕೆಯು ಹುಟ್ಟುವುದು ಇಲ್ಲಿಯೇ. ಶಂಕೆಯು ಅಸಂಬದ್ಧವಾದುದಲ್ಲ, ಉತ್ತರವನ್ನು ಮಾತ್ರ ಊಹೆಯಿಂದಲ್ಲದೆ ಅಳತೆಯಿಂದ ಪಡೆಯಬೇಕು.

ಮೇಲಿನ ನಿಯಮದಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ಎರಡು ಹೆಜ್ಜೆಗಳ ಒಂದು ಪೂರ್ಣಾವರ್ತದಲ್ಲಿ ನೆಲವು ಕೊಡಬೇಕಾದ ಒಟ್ಟು ಆವೇಗವನ್ನು ಗುರುತ್ವವು ಗೊತ್ತುಮಾಡಿಬಿಟ್ಟಿದೆ, ಅದರಲ್ಲಿ ರಿಯಾಯಿತಿಯಿಲ್ಲ. ಆದರೆ ಆ ಭಾರವನ್ನು ಎಡಬಲಗಳು ಹೇಗೆ ಹಂಚಿಕೊಳ್ಳಬೇಕೆಂಬುದನ್ನು ಪ್ರಕೃತಿಯ ಯಾವ ನಿಯಮವೂ ಗೊತ್ತುಮಾಡಿಲ್ಲ. ಜೋಡಿ ಎತ್ತುಗಳ ಗಾಡಿಯಲ್ಲಿ ಒಂದು ಎತ್ತು ಕೊಂಚ ಹೆಚ್ಚು ಎಳೆದು ಇನ್ನೊಂದು ಕೊಂಚ ಕಡಮೆ ಎಳೆದರೂ ಗಾಡಿಯು ಸಾಗುವಂತೆ, ಓಟವೂ ಸಾಗುತ್ತದೆ. ಉದಾಹರಣೆಗೆ ಎಡಪಾದವು 0.244 ಸೆಕೆಂಡೂ ಬಲಪಾದವು 0.236 ಸೆಕೆಂಡೂ ನೆಲದ ಮೇಲಿದ್ದು, ತೇಲುವ ಕಾಲವು ಎರಡೂ ಕಡೆ 0.12 ಸೆಕೆಂಡೇ ಆಗಿದ್ದರೆ, ಸರಾಸರಿ ಬಲಗಳು ಕ್ರಮವಾಗಿ 877 ಮತ್ತು 887 ನ್ಯೂಟನ್ ಆಗುತ್ತವೆ. ಕಡಮೆ ಹೊತ್ತು ನಿಲ್ಲುವ ಪಾದವು ಹೆಚ್ಚು ಬಲವಾಗಿ ಒತ್ತಬೇಕು. ಆದರೆ ಆ ಹೆಚ್ಚಳವೆಷ್ಟು? ಹತ್ತು ನ್ಯೂಟನ್, ಒಂದು ಕಿಲೋಗ್ರಾಂ ತೂಕದಷ್ಟು. ನಮ್ಮ ವಿದ್ಯಾರ್ಥಿಯನ್ನು ಹೆದರಿಸಿದ ವ್ಯತ್ಯಾಸವು ಹೆಚ್ಚುಕಡಮೆ ಇದೇ.

ವ್ಯತ್ಯಾಸಕ್ಕೆ ಅಂಕಿ ಕೊಡುವ ಬಗೆ

ಇಲ್ಲಿ ವಾಚಕರು ಸ್ವಲ್ಪ ಎಚ್ಚರ ವಹಿಸಬೇಕು. ಗಡಿಯಾರವು ತೋರಿಸಿದ 50.8 ಮತ್ತು 49.2 ಎಂಬ ಅಂಕಿಗಳನ್ನೇ ತೆಗೆದುಕೊಳ್ಳಿ. ಐವತ್ತರಿಂದ ಎಷ್ಟು ಸರಿದಿದೆ ಎಂದು ಕೇಳಿದರೆ 0.8 ಎನ್ನಬೇಕು. ಎಡಕ್ಕೂ ಬಲಕ್ಕೂ ಎಷ್ಟು ಅಂತರ ಎಂದರೆ 1.6. ಆ ಅಂತರವು ಒಂದು ಪಾದದ ಸರಾಸರಿ ಪಾಲಿನ, ಎಂದರೆ ಐವತ್ತರ, ನೂರಕ್ಕೆಷ್ಟು ಭಾಗ ಎಂದರೆ 3.2. ಸಂಗತಿಯೊಂದೇ, ಅಂಕಿಗಳು ಮೂರು. ಹೆದರಿಸಬೇಕೆನ್ನುವವರು ಮೂರನೆಯದನ್ನೂ, ಸಮಾಧಾನ ಹೇಳಬೇಕೆನ್ನುವವರು ಮೊದಲನೆಯದನ್ನೂ ಆರಿಸಿಕೊಳ್ಳಬಹುದು. ಆದುದರಿಂದ ಶೇಕಡಾವಾರು ಅಂಕಿಯೊಂದನ್ನು ಕೇಳಿದಾಗ, ಅದು ಯಾವುದರ ಶೇಕಡಾ ಎಂದು ಮೊದಲು ಕೇಳಬೇಕು.

ಸಂಶೋಧಕರು ಹೆಚ್ಚಾಗಿ ಬಳಸುವುದು ಮೂರನೆಯ ವಿಧಾನವನ್ನೇ. ಎಡಬಲಗಳ ಅಂತರವನ್ನು ಅವುಗಳ ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಸಂಖ್ಯೆಗೆ ಸಮ್ಮಿತಿ ಸೂಚ್ಯಂಕವೆಂದು ಹೆಸರು. ರಾಬಿನ್ಸನ್, ಹೆರ್ಟ್ಸೋಗ್ ಮತ್ತು ನಿಗ್ ಎಂಬವರು 1987ರಲ್ಲಿ ಇದನ್ನು ಬಳಕೆಗೆ ತಂದರು. ಸೊನ್ನೆಯೆಂದರೆ ಪೂರ್ಣ ಸಮತೆ. ಸಂಖ್ಯೆಯು ಬೆಳೆದಷ್ಟೂ ವಿಷಮತೆ.

ಈ ಸೂಚ್ಯಂಕವು ಸರಳವಾದುದು. ಆದರೆ ಅದರಲ್ಲೊಂದು ಬಲೆಯೂ ಅಡಗಿದೆ. ಓಡುವಾಗ ನೆಲವು ಪಾದವನ್ನು ಮೇಲಕ್ಕಷ್ಟೇ ಅಲ್ಲದೆ ಪಕ್ಕಕ್ಕೂ ಕೊಂಚ ತಳ್ಳುತ್ತದೆ. ಈ ಪಕ್ಕದ ಬಲವು ಎಡಪಾದಕ್ಕೆ 45, ಬಲಪಾದಕ್ಕೆ 75 ನ್ಯೂಟನ್ ಇದೆಯೆನ್ನೋಣ. ಅಂತರ 30, ಸರಾಸರಿ 60, ಸೂಚ್ಯಂಕ 50! ಅದೇ 30 ನ್ಯೂಟನ್ ಅಂತರವು ಸುಮಾರು 1,400 ನ್ಯೂಟನ್ನಿನ ಲಂಬ ಬಲದಲ್ಲಿ ಕಂಡರೆ ಸೂಚ್ಯಂಕವು ಎರಡರಷ್ಟೇ. ಭಾಜಕವು ಚಿಕ್ಕದಾದರೆ ಭಾಗಲಬ್ಧವು ಉಬ್ಬುತ್ತದೆ ಎಂಬ ಶಾಲಾ ಗಣಿತವೇ ಇಲ್ಲಿ ಕೆಲಸ ಮಾಡುವುದು. ಇದು ಕಾಗದದ ಮೇಲಿನ ಕುಚೋದ್ಯವಲ್ಲ. ಝಿಫ್ಚಾಕ್ ಎಂಬ ಸಂಶೋಧಕಿಯೂ ಅವರ ಸಂಗಡಿಗರೂ ಎಂದೂ ಗಾಯಗೊಂಡಿರದ ಓಟಗಾರ್ತಿಯರನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, ಲಂಬ ಬಲದ ಶಿಖರದಲ್ಲಿ ಸಹಜವಾದ ವಿಷಮತೆಯು ನೂರಕ್ಕೆ ಸುಮಾರು 3ರಷ್ಟಿತ್ತು; ಪಕ್ಕದ ಬಲದಲ್ಲಿ ಅದು 50ರ ಸಮೀಪಕ್ಕೆ ಹೋಗಿತ್ತು. ಅದೇ ಆರೋಗ್ಯವಂತ ಕಾಲುಗಳು, ಅದೇ ಓಟ! ಆದುದರಿಂದ ‘ನೂರಕ್ಕೆ ಹತ್ತಕ್ಕಿಂತ ಹೆಚ್ಚಾದರೆ ಅಪಾಯ’ ಎಂಬಂತಹ ಒಂದೇ ಗೆರೆಯನ್ನು ಎಲ್ಲ ಅಳತೆಗಳಿಗೂ ಎಳೆಯುವುದು ಯುಕ್ತವಲ್ಲ. ಈ ಬಲೆಯನ್ನು ತಪ್ಪಿಸಿಕೊಳ್ಳಲು ಅವರೇ 2008ರಲ್ಲಿ ಭಾಗಲಬ್ಧದ ಬದಲು ಕೋನವೊಂದನ್ನು ಬಳಸುವ ಬೇರೆ ಸೂಚಕವನ್ನು ಸೂಚಿಸಿದರು.

ಅಳೆಯುವ ಉಪಕರಣಗಳ ಕಥೆಯೂ ಸ್ವಾರಸ್ಯವಾದುದು. ಫ್ರಾನ್ಸಿನ ಶರೀರವಿಜ್ಞಾನಿ ಮಾರೇ ಎಂಬವರು 1870ರ ದಶಕದಲ್ಲಿಯೇ ಪಾದರಕ್ಷೆಯ ಅಟ್ಟೆಯಲ್ಲಿ ಗಾಳಿಯ ಕೋಶವನ್ನಿಟ್ಟು, ರಬ್ಬರು ನಳಿಗೆಯ ಮೂಲಕ ಹೆಜ್ಜೆಯ ಒತ್ತಡವು ಕಾಗದದ ಮೇಲೆ ತಾನೇ ಗೆರೆಯೆಳೆಯುವಂತೆ ಮಾಡಿದರು. 1880ರಲ್ಲಿ ಜಾಕ್ ಮತ್ತು ಪಿಯೇರ್ ಕ್ಯೂರಿ ಸೋದರರು, ಬೆಣಚುಕಲ್ಲಿನ ಹರಳಿನಂತಹ ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮುಖಗಳಲ್ಲಿ ವಿದ್ಯುದಂಶವು ತೋರುವುದೆಂದು ಕಂಡುಹಿಡಿದರು. ನಾಲ್ಕು ಮೂಲೆಗಳಲ್ಲಿ ಅಂತಹ ಹರಳುಗಳಿರುವ ಫಲಕವನ್ನು ನೆಲದಲ್ಲಿ ಹುದುಗಿಸಿ ಅದರ ಮೇಲೆ ಓಡಿಸಿದರೆ, ಬಲದ ಏರಿಳಿತವು ಸೆಕೆಂಡಿನ ಸಾವಿರದೊಂದು ಭಾಗದ ಸೂಕ್ಷ್ಮತೆಯಿಂದ ದೊರೆಯುತ್ತದೆ. ಇಂದಿನ ಪ್ರಯೋಗಶಾಲೆಗಳ ಮುಖ್ಯ ಸಾಧನಗಳಲ್ಲಿ ಇದೂ ಒಂದು.

ವಿಷಮತೆಯು ಎಲ್ಲಿಂದ ಬರುತ್ತದೆ?

ಮೂಳೆಯ ಉದ್ದದ ವಿಚಾರವನ್ನು ಆಗಲೇ ಹೇಳಿದ್ದಾಯಿತು. ಎರಡನೆಯ ಕಾರಣವು ಬಳಕೆ. ಮೂಳೆಯು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನ ರಚನೆಯನ್ನು ಮಾರ್ಪಡಿಸಿಕೊಳ್ಳುತ್ತದೆಯೆಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ಪ್ರತಿಪಾದಿಸಿದರು. ಟೆನಿಸ್ ಆಟಗಾರರಲ್ಲಿ ಬ್ಯಾಟು ಹಿಡಿಯುವ ಕೈಯ ಮೂಳೆಯು ಇನ್ನೊಂದಕ್ಕಿಂತ ದಪ್ಪನಾಗಿರುವುದು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಆದರೆ ನಡೆಯುವಾಗಲೂ ಓಡುವಾಗಲೂ ಎರಡು ಕಾಲುಗಳೂ ಸರದಿಯಂತೆ ದುಡಿಯುವುದರಿಂದ ಕಾಲಿನ ಮೂಳೆಗಳ ವಿಷಮತೆಯು ತೋಳಿನ ಮೂಳೆಗಳದಕ್ಕಿಂತ ಬಹಳ ಕಡಮೆ. ಅನೇಕ ಜನಸಮುದಾಯಗಳ ಅಸ್ಥಿಪಂಜರಗಳನ್ನು ಅಳೆದು 2006ರಲ್ಲಿ ಪ್ರಕಟಿಸಿದ ಔರ್‌ಬಾಕ್ ಮತ್ತು ರಫ್ ಎಂಬ ಸಂಶೋಧಕರು ತೋಳುಗಳಲ್ಲಿ ಬಲಗಡೆಗೆ ಸ್ಪಷ್ಟವಾದ ಒಲವನ್ನೂ, ಕಾಲುಗಳಲ್ಲಿ ಎಡಗಡೆಗೆ ಅತ್ಯಲ್ಪವಾದ ಒಲವನ್ನೂ ಕಂಡರು.

ಮೂರನೆಯದು ಅಭ್ಯಾಸ. ಇಥಿಯೋಪಿಯದ ಹೈಲೆ ಗೆಬ್ರೆಸೆಲಾಸಿಯವರ ಹೆಸರನ್ನು ಓಟದಲ್ಲಿ ಆಸಕ್ತಿಯುಳ್ಳವರು ಕೇಳಿಯೇ ಇರುತ್ತಾರೆ. ಅವರು ಬಾಲ್ಯದಲ್ಲಿ ನಿತ್ಯವೂ ಹತ್ತು ಕಿಲೋಮೀಟರು ದೂರದ ಶಾಲೆಗೆ ಪುಸ್ತಕಗಳನ್ನು ಹಿಡಿದು ಓಡುತ್ತಿದ್ದರು. ಆ ಪುಸ್ತಕಗಳನ್ನು ಇನ್ನೂ ಹಿಡಿದಿರುವರೋ ಎಂಬಂತೆ ಅವರ ಎಡತೋಳು ಮಡಿಸಿಕೊಂಡೇ ಇರುತ್ತಿದ್ದುದು ಅವರ ಓಟದ ಗುರುತಾಗಿ ಉಳಿಯಿತು. ಅದೇ ಭಂಗಿಯಲ್ಲಿ ಅವರು 1996 ಮತ್ತು 2000ದ ಒಲಿಂಪಿಕ್ ಕ್ರೀಡೆಗಳಲ್ಲಿ 10,000 ಮೀಟರು ಓಟವನ್ನು ಗೆದ್ದರು. 2008ರಲ್ಲಿ ಬರ್ಲಿನ್ ನಗರದಲ್ಲಿ ಮ್ಯಾರಥಾನ್ ಓಟವನ್ನು 2 ಗಂಟೆ 3 ನಿಮಿಷ 59 ಸೆಕೆಂಡುಗಳಲ್ಲಿ ಮುಗಿಸಿ, 2 ಗಂಟೆ 4 ನಿಮಿಷಗಳ ಒಳಗೆ ಓಡಿದವರಲ್ಲಿ ಮೊದಲಿಗರಾದರು. ತೋಳಿಗೂ ಕಾಲಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕಾಲುಗಳು ಹಿಂದುಮುಂದಾಗಿ ಬೀಸಿದಾಗ ದೇಹವನ್ನು ನೆಟ್ಟನೆಯ ಅಕ್ಷದ ಸುತ್ತ ತಿರುಗಿಸುವ ಕೋನೀಯ ಸಂವೇಗವು ಹುಟ್ಟುತ್ತದೆ. ತೋಳುಗಳು ಮತ್ತು ಮುಂಡದ ಮೇಲ್ಭಾಗವು ವಿರುದ್ಧವಾಗಿ ಬೀಸಿ ಅದನ್ನು ಸರಿದೂಗಿಸುತ್ತವೆ. ಒಂದು ತೋಳು ಕಡಮೆ ಬೀಸಿದರೆ ಉಳಿದ ಅಂಗಗಳು ಆ ಕೊರತೆಯನ್ನು ತುಂಬಿಕೊಳ್ಳಬೇಕು. ಹೀಗೆ ದೇಹವು ಒಂದು ಕಡೆಯ ವಿಷಮತೆಯನ್ನು ಮತ್ತೊಂದು ಕಡೆಯ ವಿಷಮತೆಯಿಂದ ತೂಗಿಸುವುದುಂಟು.

ನಾಲ್ಕನೆಯದು ನೆಲ. ಕ್ರೀಡಾಂಗಣದ ಓಟಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಎಡಗಾಲು ಒಳಗಡೆಗಿರುವಂತೆ ನಡೆಯುತ್ತವೆ. 400 ಮೀಟರಿನ ಸುತ್ತಿನಲ್ಲಿ ಸುಮಾರು 231 ಮೀಟರು ಬಾಗಿದ ದಾರಿ. 10,000 ಮೀಟರು ಓಟವೆಂದರೆ 25 ಸುತ್ತು. ಅದರಲ್ಲಿ 5,780 ಮೀಟರನ್ನು ಎಡಕ್ಕೆ ತಿರುಗುತ್ತಲೇ ಓಡಬೇಕು. ಬಾಗಿನ ತ್ರಿಜ್ಯವು 36.8 ಮೀಟರು, ವೇಗವು ಸೆಕೆಂಡಿಗೆ 5 ಮೀಟರು ಆದರೆ, ಓಟಗಾರನು ಸುಮಾರು 4 ಡಿಗ್ರಿಗಳಷ್ಟು ಒಳಕ್ಕೆ ವಾಲಬೇಕಾಗುತ್ತದೆ. ಒಳಗಾಲಿಗೂ ಹೊರಗಾಲಿಗೂ ಆಗ ಬೇರೆಬೇರೆ ಕೆಲಸ ಬೀಳುವುದು ಸಹಜವೇ. ಆದುದರಿಂದಲೇ ಅಭ್ಯಾಸದ ದಿನಗಳಲ್ಲಿ ಆಗಾಗ ದಿಕ್ಕನ್ನು ಬದಲಿಸುವುದು ಒಳ್ಳೆಯದು.

ರಸ್ತೆಯ ಇಳಿಜಾರಿನ ವಿಚಾರದಲ್ಲಿ ಒಂದು ತಪ್ಪು ಕಲ್ಪನೆಯಿದೆ. ಮಳೆನೀರು ಹರಿದುಹೋಗಲೆಂದು ನಮ್ಮ ಡಾಂಬರು ರಸ್ತೆಗಳನ್ನು ನಡುವಿನಿಂದ ಅಂಚಿಗೆ ನೂರಕ್ಕೆ ಎರಡು, ಎರಡೂವರೆಯಷ್ಟು ಇಳಿಜಾರಾಗಿ ಮಾಡಿರುತ್ತಾರೆ. ಅಂಚಿನಲ್ಲಿ ಓಡುವವನ ಹೊರಗಾಲು ಇದರಿಂದ ಬಹಳ ತಗ್ಗಿನಲ್ಲಿ ಬೀಳುವುದೆಂದು ಹಲವರು ಭಾವಿಸುತ್ತಾರೆ. ಆದರೆ ಓಡುವಾಗ ಎರಡು ಪಾದಗಳು ಹೆಚ್ಚುಕಡಮೆ ಒಂದೇ ಗೆರೆಯ ಮೇಲೆ ಬೀಳುತ್ತವೆ. ಅವುಗಳ ನಡುವೆ ಅಡ್ಡಲಾಗಿ 5 ಸೆಂಟಿಮೀಟರು ಅಂತರವಿದೆಯೆಂದರೂ, ಎತ್ತರದ ವ್ಯತ್ಯಾಸವು 1.25 ಮಿಲಿಮೀಟರು ಮಾತ್ರ. ಇಳಿಜಾರಿನ ನಿಜವಾದ ಪರಿಣಾಮವೆಂದರೆ ಎರಡು ಪಾದಗಳೂ ಒಂದೇ ಪಕ್ಕಕ್ಕೆ ಸುಮಾರು ಒಂದೂವರೆ ಡಿಗ್ರಿ ಓರೆಯಾಗುವುದು. ಒಂದಕ್ಕೆ ಅದು ಒಳವಾಲು, ಇನ್ನೊಂದಕ್ಕೆ ಹೊರವಾಲು. ಹೋಗುವಾಗಲೂ ಬರುವಾಗಲೂ ರಸ್ತೆಯ ಅದೇ ಅಂಚಿನಲ್ಲಿ ಓಡಿದರೆ ಈ ವಾಲು ತಾನಾಗಿಯೇ ಅದಲುಬದಲಾಗುತ್ತದೆ; ವಾಹನಗಳ ಬಗ್ಗೆ ಎಚ್ಚರವಿರಬೇಕೆಂಬುದನ್ನು ಹೇಳಬೇಕಾಗಿಲ್ಲ.

ವಿಷಮತೆಯು ಹಾನಿಕರವೇ?

ಈಗ ಮುಖ್ಯ ಪ್ರಶ್ನೆ. ಇದನ್ನು ಎರಡಾಗಿ ಬಿಡಿಸಿಕೊಳ್ಳಬೇಕು: ವಿಷಮತೆಯಿಂದ ಶಕ್ತಿಯು ವ್ಯರ್ಥವಾಗುವುದೇ? ಗಾಯವಾಗುವುದೇ?

ಶಕ್ತಿಯ ವಿಚಾರದಲ್ಲಿ, 2018ರಲ್ಲಿ ಅಮೆರಿಕದ ಬೆಕ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದಿದೆ. ಆರೋಗ್ಯವಂತ ಓಟಗಾರರನ್ನು, ಎಡಬಲ ಹೆಜ್ಜೆಗಳ ಕಾಲವು ಬೇಕೆಂದೇ ಬೇರೆಬೇರೆಯಾಗುವಂತೆ ಓಡಿಸಿ, ಅವರು ವ್ಯಯಿಸುವ ಶಕ್ತಿಯನ್ನು ಅಳೆದರು. ಹೆಜ್ಜೆಯ ಕಾಲದಲ್ಲಿ ವಿಷಮತೆಯು ನೂರಕ್ಕೆ ಹತ್ತರಷ್ಟು ಹೆಚ್ಚಿದಂತೆಲ್ಲ ಶಕ್ತಿಯ ವೆಚ್ಚವು ನೂರಕ್ಕೆ ಸುಮಾರು ಮೂರೂವರೆಯಷ್ಟು ಹೆಚ್ಚಿತು. ಎಂದರೆ ದೊಡ್ಡ ವಿಷಮತೆಗೆ ಬೆಲೆ ತೆರಬೇಕು ಎಂಬುದು ನಿಜ. ಆದರೆ ಇದು ಹೊರಗಿನಿಂದ ಹೇರಿದ ವಿಷಮತೆ. ವರ್ಷಗಳ ಓಟದಲ್ಲಿ ದೇಹವು ತಾನಾಗಿ ರೂಢಿಸಿಕೊಂಡದ್ದಲ್ಲ. ಇದರ ಆಧಾರದಿಂದ, ಸಹಜವಾದ ಸಣ್ಣ ವಿಷಮತೆಯನ್ನು ಬಲವಂತವಾಗಿ ತಿದ್ದಿದರೆ ಲಾಭವಾಗುವುದೆಂದು ಹೇಳಲಾಗದು. ಹಾಗೆ ತಿದ್ದುವುದೂ ದೇಹದ ಪಾಲಿಗೆ ಹೊರಗಿನಿಂದ ಹೇರಿದುದೇ ಅಲ್ಲವೇ?

ದೂರದ ಓಟವಲ್ಲದಿದ್ದರೂ, ಉಸೇನ್ ಬೋಲ್ಟ್ ಅವರ ದೃಷ್ಟಾಂತವನ್ನು ಇಲ್ಲಿ ಮರೆಯಲಾಗದು. 2009ರಲ್ಲಿ ಬರ್ಲಿನ್ನಿನಲ್ಲಿ ನೂರು ಮೀಟರನ್ನು 9.58 ಸೆಕೆಂಡುಗಳಲ್ಲಿ ಓಡಿದ ಅವರ ಬೆನ್ನುಮೂಳೆಯು ಓರೆ. ಬಲಗಾಲು ಎಡಗಾಲಿಗಿಂತ ಅರ್ಧ ಅಂಗುಲದಷ್ಟು ಗಿಡ್ಡ. ಅಮೆರಿಕದ ಡಾಲಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯದ ಸಂಶೋಧಕರು ಅವರ ಓಟದ ಚಿತ್ರಗಳನ್ನು ಪರಿಶೀಲಿಸಿ 2017ರಲ್ಲಿ ತಿಳಿಸಿದ ಪ್ರಕಾರ, ಬಲಗಾಲು ನೆಲವನ್ನು ಎಡಗಾಲಿಗಿಂತ ನೂರಕ್ಕೆ 13ರಷ್ಟು ಹೆಚ್ಚು ಬಲದಿಂದ ಒತ್ತುತ್ತಿತ್ತು. ಎಡಗಾಲು ನೆಲದ ಮೇಲೆ ನೂರಕ್ಕೆ 14ರಷ್ಟು ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಕಡಮೆ ಹೊತ್ತು ನಿಲ್ಲುವ ಪಾದವು ಹೆಚ್ಚು ಬಲವಾಗಿ ಒತ್ತಬೇಕೆಂದು ನಾವು ಮೇಲೆ ಲೆಕ್ಕದಿಂದ ಕಂಡುದೇ ಇಲ್ಲಿಯೂ ಕಾಣುತ್ತದೆ. ಈ ವಿಷಮತೆಯನ್ನು ತಿದ್ದಿದ್ದರೆ ಅವರ ವೇಗವು ಹೆಚ್ಚುತ್ತಿತ್ತೋ ಕುಗ್ಗುತ್ತಿತ್ತೋ ಎಂದು ಆ ಸಂಶೋಧಕರೂ ನಿರ್ಣಯಿಸಿ ಹೇಳಲಿಲ್ಲ.

ಇನ್ನು ಗಾಯದ ವಿಚಾರ. ಝಿಫ್ಚಾಕ್ ಅವರ 2006ರ ಅಧ್ಯಯನದಲ್ಲಿ ಗಾಯವನ್ನೇ ಕಾಣದವರ ಜೊತೆಗೆ, ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ದಣಿವಿನಿಂದ ಬಿರುಕು ಬಿಟ್ಟಿದ್ದ ಓಟಗಾರ್ತಿಯರೂ ಇದ್ದರು. ವಿಷಮತೆಯ ಪ್ರಮಾಣದಲ್ಲಿ ಎರಡು ಗುಂಪುಗಳೂ ಹೆಚ್ಚುಕಡಮೆ ಒಂದೇ ಆಗಿದ್ದವು. ಆದರೆ ಗಾಯವಾದ ಮೇಲೆ ಅಳೆಯುವುದರಲ್ಲಿ ಒಂದು ತೊಡಕಿದೆ: ವಿಷಮತೆಯಿಂದ ಗಾಯವೋ, ಗಾಯದಿಂದ ವಿಷಮತೆಯೋ ಎಂಬುದು ತಿಳಿಯದು. ಮೊದಲು ಆರೋಗ್ಯವಂತರನ್ನು ಅಳೆದು, ಅನಂತರ ಯಾರು ಗಾಯಗೊಳ್ಳುವರೆಂದು ಕಾದುನೋಡುವುದೇ ಸರಿಯಾದ ಕ್ರಮ. ಲಕ್ಸೆಂಬರ್ಗ್ ದೇಶದಲ್ಲಿ ಮಾಲಿಸೂ ಮತ್ತು ಸಂಗಡಿಗರು ಹಾಗೆಯೇ ಮಾಡಿದರು. ಎಂಟುನೂರಕ್ಕೂ ಹೆಚ್ಚು ಹವ್ಯಾಸಿ ಓಟಗಾರರನ್ನು ಬಲಮಾಪಕ ಫಲಕದ ಮೇಲೆ ಓಡಿಸಿ ಅಳೆದು, ಆರು ತಿಂಗಳ ಕಾಲ ಅವರ ಗಾಯಗಳ ಲೆಕ್ಕವಿಟ್ಟರು. 2024ರಲ್ಲಿ ಪ್ರಕಟವಾದ ಅವರ ತೀರ್ಮಾನ: ಹೆಜ್ಜೆಯ ಕಾಲಗಳಲ್ಲಿಯೂ ಬಲಗಳಲ್ಲಿಯೂ ಎಡಬಲ ವಿಷಮತೆಯು ಹೆಚ್ಚಾಗಿದ್ದವರಿಗೆ ಗಾಯದ ಸಂಭವವು ಹೆಚ್ಚಾಗಿರಲಿಲ್ಲ.

ಹೀಗೆಂದ ಮಾತ್ರಕ್ಕೆ ವಿಷಮತೆಯನ್ನು ಎಂದೂ ಗಮನಿಸಬೇಕಾಗಿಲ್ಲವೆಂದು ತಿಳಿಯಬಾರದು. ಎಂದಿನಿಂದಲೂ ಇರುವ ವಿಷಮತೆ ಬೇರೆ, ಹೊಸದಾಗಿ ತಲೆದೋರಿದ ವಿಷಮತೆ ಬೇರೆ. ನೆನ್ನೆಯವರೆಗೆ ಇಲ್ಲದ ವ್ಯತ್ಯಾಸವು ಇಂದು ಕಂಡು, ಅದರೊಡನೆ ಒಂದೇ ಕಡೆಯಲ್ಲಿ ನೋವು, ಊತ ಅಥವಾ ಕುಂಟುವಿಕೆ ಇದ್ದರೆ, ದೇಹವು ಆ ಕಾಲನ್ನು ಕಾಪಾಡಿಕೊಳ್ಳುತ್ತಿದೆಯೆಂದು ಅರ್ಥ. ಆಗ ಓಟವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮಂಡಿಯ ಶಸ್ತ್ರಚಿಕಿತ್ಸೆಯಾದವರು ಆಟಕ್ಕೆ ಮರಳುವ ಮುನ್ನ, ಗಾಯಗೊಂಡ ಕಾಲಿನ ಸಾಮರ್ಥ್ಯವು ಇನ್ನೊಂದರ ನೂರಕ್ಕೆ ತೊಂಬತ್ತರಷ್ಟಾದರೂ ಇರಬೇಕೆಂದು ವೈದ್ಯರು ಸಾಮಾನ್ಯವಾಗಿ ನೋಡುತ್ತಾರೆ. ಅದು ಗಾಯಗೊಂಡವರಿಗೆ ಹಾಕಿದ ಗೆರೆ. ಆರೋಗ್ಯವಂತರನ್ನು ಅದರಿಂದ ಅಳೆಯುವುದು ಸಲ್ಲದು.

ಒಂದು ಪ್ರಯೋಗ

ಇದೆಲ್ಲವನ್ನೂ ಹೇಳಿದ ಮೇಲೆ ಆ ವಿದ್ಯಾರ್ಥಿಯನ್ನು ಕರೆದುಕೊಂಡು ನಾವು ಕಾಲೇಜಿನ ಮೈದಾನಕ್ಕೆ ಹೋದೆವು. ವಾಚಕರೂ ಇದನ್ನು ಮಾಡಿ ನೋಡಬಹುದು. ಈಗಿನ ಅನೇಕ ಮೊಬೈಲ್ ಫೋನುಗಳು ಸೆಕೆಂಡಿಗೆ 240 ಚಿತ್ರಗಳನ್ನು ತೆಗೆಯಬಲ್ಲವು. ಫೋನನ್ನು ನೆಲದ ಮಟ್ಟದಲ್ಲಿ, ಅಲುಗಾಡದಂತೆ, ಓಟದ ದಾರಿಗೆ ಅಡ್ಡಲಾಗಿ ಇಟ್ಟು, ಓಟಗಾರನು ಹಾದುಹೋಗುವುದನ್ನು ಮತ್ತೆ ಮತ್ತೆ ಚಿತ್ರಿಸಬೇಕು. ಎರಡು ದಿಕ್ಕುಗಳಿಂದಲೂ ಸಮಸಂಖ್ಯೆಯಲ್ಲಿ ಓಡಿಸಬೇಕು. ಪಾದವು ನೆಲವನ್ನು ಮುಟ್ಟಿದ ಚಿತ್ರದಿಂದ ಬಿಟ್ಟ ಚಿತ್ರದವರೆಗೆ ಎಣಿಸಿ 240ರಿಂದ ಭಾಗಿಸಿದರೆ ನೆಲದ ಮೇಲಿನ ಕಾಲವು ಸಿಕ್ಕುತ್ತದೆ.

ಒಂದು ಚಿತ್ರಕ್ಕೂ ಮುಂದಿನದಕ್ಕೂ ಸೆಕೆಂಡಿನ ಸಾವಿರದಲ್ಲಿ ನಾಲ್ಕು ಭಾಗಗಳಷ್ಟು ಅಂತರ. ಎಂದಮೇಲೆ ಒಂದೇ ಹೆಜ್ಜೆಯನ್ನು ಅಳೆದು ಅಷ್ಟೇ ಪ್ರಮಾಣದ ವ್ಯತ್ಯಾಸವನ್ನು ನಂಬಲಾಗದು. ಸೆಕೆಂಡಿಗೆ 30 ಚಿತ್ರಗಳನ್ನು ಮಾತ್ರ ತೆಗೆಯುವ ಫೋನಿನಲ್ಲಿ ಒಂದು ಚಿತ್ರದ ಅಂತರವೇ ನೆಲದ ಮೇಲಿನ ಕಾಲದ ನೂರಕ್ಕೆ ಹದಿನಾಲ್ಕರಷ್ಟಾಗುವುದರಿಂದ ಅದು ಈ ಕೆಲಸಕ್ಕೆ ಬಾರದು. ಆದುದರಿಂದ ಎಡಕ್ಕೆ ಇಪ್ಪತ್ತು, ಬಲಕ್ಕೆ ಇಪ್ಪತ್ತು ಹೆಜ್ಜೆಗಳನ್ನು ಅಳೆದು ಸರಾಸರಿ ತೆಗೆದೆವು. ಎಡಪಾದದ ಸರಾಸರಿ 243 ಮಿಲಿಸೆಕೆಂಡು, ಬಲಪಾದದ್ದು 238. ಆದರೆ ಒಂದೇ ಪಾದದ ಹೆಜ್ಜೆಗಳೇ ತಮ್ಮ ಸರಾಸರಿಯಿಂದ ಸುಮಾರು 7 ಮಿಲಿಸೆಕೆಂಡುಗಳಷ್ಟು ಹೆಚ್ಚುಕಡಮೆಯಾಗುತ್ತಿದ್ದವು. ಎಂದರೆ ಎಡಗಾಲಿಗೂ ಬಲಗಾಲಿಗೂ ಇರುವ ಅಂತರಕ್ಕಿಂತ ಎಡಗಾಲಿನ ಒಂದು ಹೆಜ್ಜೆಗೂ ಅದೇ ಎಡಗಾಲಿನ ಇನ್ನೊಂದು ಹೆಜ್ಜೆಗೂ ಇರುವ ಅಂತರವೇ ದೊಡ್ಡದು! ಇಪ್ಪತ್ತು ಅಳತೆಗಳ ಸರಾಸರಿಯಲ್ಲಿ ಈ ಚೆದರಿಕೆಯು ಒಂದೂವರೆ ಮಿಲಿಸೆಕೆಂಡಿನಷ್ಟಕ್ಕೆ ಇಳಿಯುತ್ತದೆ. ಎರಡು ಸರಾಸರಿಗಳ ಅಂತರದಲ್ಲಿ ಎರಡು ಮಿಲಿಸೆಕೆಂಡಿನಷ್ಟು ಅನಿಶ್ಚಯವು ಉಳಿಯುತ್ತದೆ. ಕಂಡುಬಂದ 5 ಮಿಲಿಸೆಕೆಂಡು ಅದಕ್ಕಿಂತ ಹೆಚ್ಚಾಗಿರುವುದರಿಂದ ವ್ಯತ್ಯಾಸವು ಬಹುಶಃ ನಿಜವಾದುದೇ. ಅದನ್ನು ನಾವು ವಿದ್ಯಾರ್ಥಿಯಿಂದ ಮರೆಮಾಚಲಿಲ್ಲ.

“ಹಾಗಾದರೆ ವ್ಯತ್ಯಾಸ ಇದೆಯಲ್ಲ ಸಾರ್?” ಎಂದು ಅವನು ಕೇಳಿದನು.

“ಇದೆ. ನೂರಕ್ಕೆ ಎರಡರಷ್ಟಿದೆ. ನೋವಿದೆಯೇನಪ್ಪಾ?”

“ಇಲ್ಲ.”

“ಹಿಂದೆಂದಾದರೂ ಆ ಕಾಲಿಗೆ ಪೆಟ್ಟಾಗಿತ್ತೇ?”

“ಇಲ್ಲ ಸಾರ್.”

“ಹಾಗಾದರೆ ಅದು ನಿನ್ನ ಕೈಬರಹವಿದ್ದ ಹಾಗೆ. ನಿನ್ನದು ನಿನ್ನದೇ, ತಪ್ಪಲ್ಲ.”

ಆದರೂ ನಮ್ಮ ಮಾತೊಂದನ್ನೇ ನೆಚ್ಚಬಾರದೆಂದು ಅವನನ್ನು ವೈದ್ಯರೊಬ್ಬರ ಬಳಿಗೆ ಕಳುಹಿಸಿದೆವು. ಅವರು ಪರೀಕ್ಷಿಸಿ, ಕಾಲುಗಳು ಚೆನ್ನಾಗಿವೆ, ಓಡಬಹುದು ಎಂದರು. ಮರುದಿನ ಬೆಳಗಿನಿಂದ ಅವನು ಮತ್ತೆ ಕೆರೆಯ ಏರಿಯನ್ನು ಹತ್ತಿದನು. ಅಂತರ ಕಾಲೇಜು ಓಟದಲ್ಲಿ ಅವನು ಗೆಲ್ಲಲಿಲ್ಲ, ಆರನೆಯವನಾಗಿ ಬಂದನು. ಕಳೆದುಹೋದ ಹತ್ತು ದಿನಗಳ ಅಭ್ಯಾಸವು ಕೈಗೆ ಸಿಕ್ಕಿದ್ದರೆ ಇನ್ನೂ ಮುಂದೆ ಬರುತ್ತಿದ್ದನೋ ಏನೋ. ಎರಡು ಕಾಲುಗಳ ನಡುವಣ ಐದು ಮಿಲಿಸೆಕೆಂಡು ಅವನಿಗೆ ಮಾಡದ ಹಾನಿಯನ್ನು, ಅರ್ಥವಾಗದ ಒಂದು ಅಂಕಿಯು ಮಾಡಿತ್ತು.

ಉಪಕರಣಗಳು ದಿನೇದಿನೇ ಸೂಕ್ಷ್ಮವಾಗುತ್ತಿವೆ. ಹಿಂದೆ ಕಾಣದಿದ್ದ ವ್ಯತ್ಯಾಸಗಳನ್ನು ಅವು ಇಂದು ಯಾರ ಕೈಮೇಲೆ ಬೇಕಾದರೂ ತಂದಿಡುತ್ತವೆ. ಕಂಡ ವ್ಯತ್ಯಾಸವೆಲ್ಲ ದೋಷವಲ್ಲ. ಅಳೆಯಬಹುದಾದುದೆಲ್ಲ ತಿದ್ದಬೇಕಾದುದೂ ಅಲ್ಲ. ವ್ಯತ್ಯಾಸವು ಯಾವುದಕ್ಕೆ ಹೋಲಿಸಿದರೆ ಎಷ್ಟು, ಅಳತೆಯ ಅನಿಶ್ಚಯಕ್ಕಿಂತ ಅದು ದೊಡ್ಡದೇ, ಹೊಸದೇ ಹಳೆಯದೇ, ನೋವಿನೊಡನೆ ಬಂದಿದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡ ಮೇಲೆಯೇ ಚಿಂತಿಸುವುದೋ ಬಿಡುವುದೋ ಎಂಬುದನ್ನು ನಿರ್ಧರಿಸಬೇಕು. ಓಡುವವರಿಗೆ ನಾವು ಹೇಳಬಹುದಾದುದು ಇಷ್ಟೇ.